ಸ್ಕೂಲ್ ಬೋರ್ಡ್ ಸದಸ್ಯರನ್ನು ಅವಧಿಗೆ ಮುನ್ನ ಇಳಿಸುವುದು ಹೇಗೆ: ಸ್ಯಾನ್ ಫ್ರಾನ್ಸಿಸ್ಕೊ ರೀಕಾಲ್‌ನ ಒಳಲೆಕ್ಕ

2022ರ ಫೆಬ್ರವರಿ 15ರಂದು ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ನಗರದ ಮತದಾರರು ತಮ್ಮ ಸ್ಕೂಲ್ ಬೋರ್ಡಿನ ಏಳು ಸದಸ್ಯರ ಪೈಕಿ ಮೂವರನ್ನು ಅವಧಿ ಮುಗಿಯುವ ಮುನ್ನವೇ ಕೆಳಗಿಳಿಸಿದರು. ಅಲಿಸನ್ ಕಾಲಿನ್ಸ್, ಗೇಬ್ರಿಯೆಲಾ ಲೋಪೆಜ್, ಫಾಊಗಾ ಮೊಲಿಗಾ ಈ ಮೂವರಲ್ಲಿ ಪ್ರತಿಯೊಬ್ಬರ ವಿರುದ್ಧವೂ ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚು ಮತ ಬಿತ್ತು. ಡೆಮಾಕ್ರಟಿಕ್ ಪಕ್ಷದ ಭದ್ರಕೋಟೆಯಲ್ಲೇ ಹೀಗಾಯಿತಲ್ಲ ಎಂದು ದೇಶವೆಲ್ಲ ಮಾತಾಡಿಕೊಂಡಿತು. ಆ ಮಾತುಗಳಲ್ಲಿ ಹೆಚ್ಚಿನವು ಪೋಷಕರ ಸಿಟ್ಟಿನ ಬಗ್ಗೆ. ಸಿಟ್ಟು ಇದ್ದದ್ದು ನಿಜ. ಆದರೆ ಸಿಟ್ಟು ಇದ್ದ ಊರಲ್ಲೆಲ್ಲ ರೀಕಾಲ್, ಅಂದರೆ ಮೊದಲು ಸಹಿ ಸಂಗ್ರಹಿಸಿ ಆಮೇಲೆ ಮತ ಹಾಕಿ ಇಳಿಸುವ ಪ್ರಯತ್ನ, ಗೆಲ್ಲುವುದಿಲ್ಲ. ಶುರುವಾದ ಅಭಿಯಾನಗಳಲ್ಲಿ ಬಹುಪಾಲು ಮತಪತ್ರದವರೆಗೂ ತಲುಪುವುದಿಲ್ಲ. ಸಹಿ ಸಾಲದೆ ನಡುದಾರಿಯಲ್ಲೇ ನಿಂತುಹೋಗುತ್ತವೆ. ಗೆಲುವು ಸೋಲು ತೀರ್ಮಾನವಾಗುವುದು ಬೀದಿಯ ಘೋಷಣೆಗಿಂತ ಹೆಚ್ಚಾಗಿ ಕ್ಯಾಲೆಂಡರು ಮತ್ತು ಸಹಿ ಹಾಳೆಗಳ ಮೇಲೆ. ಆ ಭಾಗವನ್ನೇ ಇಲ್ಲಿ ಬಿಡಿಸಿ ನೋಡೋಣ.

ಮೊದಲಿಗೆ ಸ್ಕೂಲ್ ಬೋರ್ಡ್ ಎಂದರೆ ಏನು? ನಮ್ಮಲ್ಲಿ ಸರ್ಕಾರಿ ಶಾಲೆ ರಾಜ್ಯದ ಶಿಕ್ಷಣ ಇಲಾಖೆಯ ಕೈಯಲ್ಲಿದೆ. ಬಿಇಒ, ಡಿಡಿಪಿಐ ಎಲ್ಲರೂ ಸರ್ಕಾರ ನೇಮಿಸಿದ ಅಧಿಕಾರಿಗಳು. ಎಸ್‌ಡಿಎಂಸಿಯಲ್ಲಿ ಪೋಷಕರಿದ್ದರೂ ಅದರ ವ್ಯಾಪ್ತಿ ಒಂದು ಶಾಲೆಯ ಕಾಂಪೌಂಡು ದಾಟುವುದಿಲ್ಲ. ಅಮೆರಿಕದಲ್ಲಿ ಊರಿನ ಅಥವಾ ಪ್ರದೇಶದ ಸರ್ಕಾರಿ ಶಾಲೆಗಳೆಲ್ಲ ಸೇರಿ ಒಂದು ಸ್ಕೂಲ್ ಡಿಸ್ಟ್ರಿಕ್ಟ್. ಅದನ್ನು ನಡೆಸುವುದು ಜನರೇ ಆರಿಸಿದ ಬೋರ್ಡ್, ಸಾಮಾನ್ಯವಾಗಿ ನಾಲ್ಕು ವರ್ಷದ ಅವಧಿಗೆ. ಸೂಪರಿಂಟೆಂಡೆಂಟ್ ಎಂಬ ಮುಖ್ಯಾಧಿಕಾರಿಯನ್ನು ನೇಮಿಸುವುದು, ಬಜೆಟ್ ಒಪ್ಪುವುದು, ಶಿಕ್ಷಕರ ಸಂಘದ ಜತೆಗಿನ ಒಪ್ಪಂದಕ್ಕೆ ಮುದ್ರೆ ಒತ್ತುವುದು, ಯಾವ ಮಗುವಿಗೆ ಯಾವ ಶಾಲೆ ಎಂಬ ನಿಯಮ ಮಾಡುವುದು, ಎಲ್ಲವೂ ಇವರದೇ. ಸಂಬಳ ಮಾತ್ರ ಹೆಸರಿಗಷ್ಟೇ: ಸುಮಾರು 50 ಸಾವಿರ ಮಕ್ಕಳ ಸ್ಯಾನ್ ಫ್ರಾನ್ಸಿಸ್ಕೊ ಡಿಸ್ಟ್ರಿಕ್ಟ್‌ನಲ್ಲಿ ಆಗ ಸದಸ್ಯರಿಗೆ ಸಿಗುತ್ತಿದ್ದದ್ದು ತಿಂಗಳಿಗೆ 500 ಡಾಲರ್.

ಜಗಳ ಹೊತ್ತಿಕೊಂಡಿದ್ದು 2021ರ ಆರಂಭದಲ್ಲಿ. ಕೋವಿಡ್‌ಗಾಗಿ ಮುಚ್ಚಿದ ಶಾಲೆಗಳು ಇನ್ನೂ ತೆರೆದಿರಲಿಲ್ಲ. ಹೊತ್ತಿಗೆ ಸರಿಯಾಗಿ ಜನವರಿ ಕೊನೆಯಲ್ಲಿ ಬೋರ್ಡ್ 44 ಶಾಲೆಗಳ ಹೆಸರು ಬದಲಿಸಲು ಮತ ಹಾಕಿತು. ಆ ಪಟ್ಟಿಯಲ್ಲಿ ಅಬ್ರಹಾಂ ಲಿಂಕನ್ ಹೆಸರೂ ಇತ್ತು. ಫೆಬ್ರವರಿ ಮೊದಲ ವಾರ ನಗರವೇ ತನ್ನ ಸ್ಕೂಲ್ ಡಿಸ್ಟ್ರಿಕ್ಟ್ ಮೇಲೆ, ಶಾಲೆ ತೆರೆಯುವ ಯೋಜನೆ ಇಲ್ಲವೆಂದು ದಾವೆ ಹೂಡಿತು. ಅದೇ ತಿಂಗಳು ಅಂಕ ನೋಡಿ ಪ್ರವೇಶ ಕೊಡುತ್ತಿದ್ದ ಲೋವೆಲ್ ಹೈಸ್ಕೂಲನ್ನು ಬೋರ್ಡ್ ಲಾಟರಿ ಪದ್ಧತಿಗೆ ತಂದಿತು. ಮಾರ್ಚ್‌ನಲ್ಲಿ ಕಾಲಿನ್ಸ್ ಅವರ 2016ರ ಟ್ವೀಟ್‌ಗಳು ಹೊರಬಿದ್ದವು. ಅವು ಏಷ್ಯನ್ ಅಮೆರಿಕನ್ನರಿಗೆ ಅವಮಾನ ಎಂದು ಗದ್ದಲವಾಯಿತು. ಬೋರ್ಡ್ ಅವರನ್ನು ಉಪಾಧ್ಯಕ್ಷ ಸ್ಥಾನದಿಂದ ತೆಗೆಯಿತು, ಅವರು ಡಿಸ್ಟ್ರಿಕ್ಟ್ ಮತ್ತು ಐವರು ಸಹ ಸದಸ್ಯರ ಮೇಲೆ 8.7 ಕೋಟಿ ಡಾಲರ್‌ನ ದಾವೆ ಹಾಕಿದರು, ಆಗಸ್ಟ್‌ನಲ್ಲಿ ನ್ಯಾಯಾಲಯ ಅದನ್ನು ವಜಾ ಮಾಡಿತು. ಇಷ್ಟರ ನಡುವೆ ಡಿಸ್ಟ್ರಿಕ್ಟ್ ಬಜೆಟ್‌ನಲ್ಲಿ ಹತ್ತು ಕೋಟಿ ಡಾಲರ್ ಮೀರಿದ ಕೊರತೆ. ಹೈಸ್ಕೂಲ್ ಮಕ್ಕಳಲ್ಲಿ ಹೆಚ್ಚಿನವರು ತರಗತಿಗೆ ಮರಳಿದ್ದು ಆ ಆಗಸ್ಟ್‌ನಲ್ಲೇ.

ಏಳು ಜನರಲ್ಲಿ ಮೂವರೇ ಏಕೆ ಎಂಬ ಪ್ರಶ್ನೆ ಹಲವರಿಗೆ ಬಂದಿತ್ತು. ತಪ್ಪು ಅವರದ್ದೇ ಹೆಚ್ಚು ಎಂದಲ್ಲ. ಉಳಿದ ನಾಲ್ವರು ಗೆದ್ದಿದ್ದು 2020ರ ನವೆಂಬರ್‌ನಲ್ಲಿ. ಅಧಿಕಾರಕ್ಕೆ ಬಂದು ಆರು ತಿಂಗಳು ಆಗದವರ ಮೇಲೆ ರೀಕಾಲ್ ಹೂಡುವಂತಿಲ್ಲ ಎಂದು ನಗರದ ಚಾರ್ಟರ್, ಅಂದರೆ ನಗರಾಡಳಿತದ ಮೂಲ ಕಾನೂನು, ಹೇಳುತ್ತದೆ. ಹೀಗಾಗಿ ಒಂದೇ ತೀರ್ಮಾನದ ಪರ ಕೈ ಎತ್ತಿದವರಲ್ಲೂ ಕೆಲವರು ಕುರ್ಚಿಯಲ್ಲಿ ಉಳಿದರು, ಕೆಲವರು ಇಳಿದರು. ರೀಕಾಲ್‌ನ ನ್ಯಾಯ ಅನ್ಯಾಯ ಅಳೆಯುವವರು ಈ ಸಂಗತಿಯನ್ನು ಮರೆಯಬಾರದು.

ಇನ್ನು ಕಾಗದಪತ್ರದ ವಿಷಯ. ಕ್ಯಾಲಿಫೋರ್ನಿಯಾದಲ್ಲಿ ರೀಕಾಲ್ ಹಕ್ಕು 1911ರಿಂದ ರಾಜ್ಯ ಸಂವಿಧಾನದಲ್ಲೇ ಇದೆ. ಲಾಸ್ ಏಂಜಲಿಸ್ ನಗರ ಅದಕ್ಕೂ ಮೊದಲು, 1903ರಲ್ಲೇ, ತನ್ನ ಚಾರ್ಟರ್‌ಗೆ ಸೇರಿಸಿಕೊಂಡಿತ್ತು. ಸ್ಯಾನ್ ಫ್ರಾನ್ಸಿಸ್ಕೊ ಕೆಲವು ವಿಷಯಗಳಲ್ಲಿ ತನ್ನದೇ ಚಾರ್ಟರ್ ಪಾಲಿಸುತ್ತದೆ. ಉಳಿದ ಹೆಚ್ಚಿನ ಊರುಗಳಿಗೆ ರಾಜ್ಯದ ಚುನಾವಣಾ ಸಂಹಿತೆಯೇ ದಾರಿ. ಅದರ ಪ್ರಕಾರ ಸದಸ್ಯ ಅಧಿಕಾರ ವಹಿಸಿಕೊಂಡು 90 ದಿನ ಆಗಿರಬೇಕು, ಅವಧಿ ಮುಗಿಯಲು ಆರು ತಿಂಗಳಿಗಿಂತ ಹೆಚ್ಚು ಉಳಿದಿರಬೇಕು.

ಶುರುವಾಗುವುದು ನೋಟಿಸ್‌ನಿಂದ. ಯಾರನ್ನು ಇಳಿಸಬೇಕು, ಏಕೆ ಎಂಬುದನ್ನು 200 ಪದ ಮೀರದಂತೆ ಬರೆದು, ಅಭಿಯಾನಕ್ಕೆ ಹೊಣೆ ಹೊತ್ತ ಮತದಾರರು ಹೆಸರು ವಿಳಾಸ ಕೊಟ್ಟು ಸಹಿ ಹಾಕುತ್ತಾರೆ. ಅದನ್ನು ಸದಸ್ಯರ ಕೈಗೇ ಕೊಡಬೇಕು ಅಥವಾ ಸರ್ಟಿಫೈಡ್ ಅಂಚೆಯಲ್ಲಿ ಕಳಿಸಬೇಕು. ಏಳು ದಿನದೊಳಗೆ ಚುನಾವಣಾಧಿಕಾರಿಗೆ ಸಲ್ಲಿಸಬೇಕು, ಸ್ಥಳೀಯ ಪತ್ರಿಕೆಯಲ್ಲಿ ಪ್ರಕಟಿಸಬೇಕು. ಸದಸ್ಯರಿಗೆ ಉತ್ತರಿಸಲು ಏಳು ದಿನ, ಅದಕ್ಕೂ 200 ಪದಗಳ ಮಿತಿ. ಬಳಿಕ ಸಹಿ ಅರ್ಜಿಯ ಖಾಲಿ ನಮೂನೆಯನ್ನು ಅಧಿಕಾರಿಗೆ ತೋರಿಸಿ ಒಪ್ಪಿಗೆ ಪಡೆಯಬೇಕು. ಪರಿಶೀಲನೆಗೆ ಅವರಿಗೆ ಹತ್ತು ದಿನ. ಶೀರ್ಷಿಕೆಯ ಅಕ್ಷರದ ಗಾತ್ರ, ಅಂಚಿನ ಅಳತೆ, ನೋಟಿಸ್‌ನ ಪದಗಳು ಅಲ್ಲಿದ್ದ ಹಾಗೆಯೇ ಇಲ್ಲೂ ಇವೆಯೇ ಎಂಬುದೆಲ್ಲ ನೋಡುತ್ತಾರೆ. ಒಂದು ತಪ್ಪಿದ್ದರೂ ವಾಪಸ್. ತಿದ್ದಿ ಕೊಟ್ಟರೆ ಮತ್ತೆ ಹತ್ತು ದಿನ. ಅವಸರದಲ್ಲಿ ನೋಟಿಸ್ ಬರೆದವರು ಇಲ್ಲೇ ಒಂದು ತಿಂಗಳು ಕಳೆದುಕೊಳ್ಳುತ್ತಾರೆ. ಒಪ್ಪಿಗೆ ಸಿಗುವ ಮುನ್ನ ಪಡೆದ ಸಹಿಗೆ ಬೆಲೆಯೇ ಇಲ್ಲ.

ಆ 200 ಪದಗಳಲ್ಲಿ ಏನಿರಬೇಕು? ಕ್ಯಾಲಿಫೋರ್ನಿಯಾದಲ್ಲಿ ಕಾರಣ ಸಾಕಷ್ಟು ಗಟ್ಟಿಯೇ ಎಂದು ಯಾವ ನ್ಯಾಯಾಲಯವೂ ತೂಗುವಂತಿಲ್ಲ. ಅದನ್ನು ಸಂವಿಧಾನವೇ ತಡೆದಿದೆ. ಭ್ರಷ್ಟಾಚಾರ ಇರಬೇಕೆಂದಿಲ್ಲ, ನೀತಿ ಹಿಡಿಸದಿದ್ದರೂ ಸಾಕು. ವಾಷಿಂಗ್ಟನ್ ರಾಜ್ಯದಲ್ಲಿ ಹಾಗಿಲ್ಲ. ಅಲ್ಲಿ ಸಹಿ ಸಂಗ್ರಹಕ್ಕೆ ಮೊದಲೇ ನ್ಯಾಯಾಧೀಶರು ಆರೋಪಗಳನ್ನು ಜರಡಿ ಹಿಡಿಯುತ್ತಾರೆ. ರಿಚ್‌ಲ್ಯಾಂಡ್ ಎಂಬ ಊರಿನಲ್ಲಿ ಮೂವರು ಸದಸ್ಯರು 2022ರಲ್ಲಿ, ರಾಜ್ಯದ ಆದೇಶ ಇನ್ನೂ ಜಾರಿಯಲ್ಲಿದ್ದಾಗಲೇ, ಮಕ್ಕಳಿಗೆ ಮಾಸ್ಕ್ ಕಡ್ಡಾಯವಲ್ಲ ಎಂದು ಮತ ಹಾಕಿದ್ದರು. ಆ ಆರೋಪ ನ್ಯಾಯಾಲಯದ ಜರಡಿ ದಾಟಿತು. 2023ರ ಆಗಸ್ಟ್‌ನಲ್ಲಿ ಮೂವರೂ ಸ್ಥಾನ ಕಳೆದುಕೊಂಡರು. ವಿಸ್ಕಾನ್ಸಿನ್‌ನದು ಮತ್ತೊಂದು ಬಗೆ: ಅಲ್ಲಿ ‘ಇಳಿಸಬೇಕೆ’ ಎಂಬ ಪ್ರಶ್ನೆಯೇ ಇಲ್ಲ, ಹಾಲಿ ಸದಸ್ಯರ ಎದುರು ಬೇರೆ ಅಭ್ಯರ್ಥಿ ನಿಂತು ಗೆಲ್ಲಬೇಕು. 2021ರ ನವೆಂಬರ್‌ನಲ್ಲಿ ಮೆಕ್ವಾನ್-ಥೀನ್ಸ್‌ವಿಲ್ ಡಿಸ್ಟ್ರಿಕ್ಟ್‌ನ ನಾಲ್ವರ ವಿರುದ್ಧ ಇದೇ ರೀತಿ ನಡೆದ ಪ್ರಯತ್ನ ಸೋತಿತು. ಹೀಗಾಗಿ ಒಂದು ರಾಜ್ಯದ ಅನುಭವವನ್ನು ಇನ್ನೊಂದಕ್ಕೆ ಹಾಗೇ ಅನ್ವಯಿಸಿದರೆ ಎಡವುತ್ತೇವೆ.

ಎಷ್ಟು ಸಹಿ, ಎಷ್ಟು ದಿನ? ಕ್ಯಾಲಿಫೋರ್ನಿಯಾದಲ್ಲಿ ಎರಡೂ ಮತದಾರರ ಸಂಖ್ಯೆಯ ಮೇಲೆ ನಿಂತಿವೆ. ಸಾವಿರಕ್ಕಿಂತ ಕಡಿಮೆ ಮತದಾರರಿದ್ದರೆ ಶೇ 30, ಅವಕಾಶ 40 ದಿನ. ಹತ್ತು ಸಾವಿರದೊಳಗೆ ಶೇ 25. 50 ಸಾವಿರದೊಳಗೆ ಶೇ 20, ದಿನ 120. ಒಂದು ಲಕ್ಷದೊಳಗೆ ಶೇ 15, ಅದನ್ನು ಮೀರಿದರೆ ಶೇ 10. 50 ಸಾವಿರದ ಮೇಲ್ಪಟ್ಟ ಎಲ್ಲಕ್ಕೂ 160 ದಿನ. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಬೇಕಾಗಿದ್ದದ್ದು ತಲಾ 51,325 ಸಿಂಧು ಸಹಿ. ‘ತಲಾ’ ಎಂಬುದನ್ನು ಗಮನಿಸಿ. ಒಬ್ಬೊಬ್ಬರಿಗೂ ಪ್ರತ್ಯೇಕ ಅರ್ಜಿ, ಆದ್ದರಿಂದ ಮೂವರನ್ನೂ ಇಳಿಸಬೇಕೆನ್ನುವ ಮತದಾರ ಮೂರು ಹಾಳೆಯಲ್ಲಿ ಹೆಸರು, ವಿಳಾಸ, ಸಹಿ ಬರೆಯಬೇಕು. ಸಂತೆಯಂತೆ ಗಿಜಿಗುಡುವ ರೈತ ಮಾರುಕಟ್ಟೆಯ ಬಾಗಿಲಲ್ಲಿ, ಒಂದು ಕೈಯಲ್ಲಿ ಸೊಪ್ಪಿನ ಚೀಲ, ಇನ್ನೊಂದರಲ್ಲಿ ಮಗುವಿನ ಗಾಡಿ ಹಿಡಿದವರಿಂದ ಮೂರು ಸಲ ವಿಳಾಸ ಬರೆಸುವುದು ಸುಲಭದ ಮಾತಲ್ಲ. ಮೂರನೆಯ ಹಾಳೆಗೆ ಬರುವಷ್ಟರಲ್ಲಿ ಕೆಲವರು ಹೊರಟುಬಿಡುತ್ತಾರೆ. ಪಟ್ಟಿಯಲ್ಲಿ ಕೊನೆಯಲ್ಲಿರುವವರ ಹಾಳೆಯಲ್ಲಿ ಸಹಿ ಕಡಿಮೆ ಬೀಳುವುದಕ್ಕೆ ಇದೂ ಒಂದು ಕಾರಣ.

ದೊಡ್ಡ ಡಿಸ್ಟ್ರಿಕ್ಟ್‌ಗಳನ್ನು ಹಲವೆಡೆ ವಾರ್ಡ್‌ಗಳಂತೆ ಟ್ರಸ್ಟಿ ಏರಿಯಾಗಳಾಗಿ ಒಡೆದಿರುತ್ತಾರೆ. ಆಗ ಆ ಏರಿಯಾದ ಮತದಾರರ ಸಹಿ ಮಾತ್ರ ಲೆಕ್ಕಕ್ಕೆ. ಅದೇ ಶಾಲೆಗೆ ಮಗುವನ್ನು ಕಳಿಸುವ, ಆದರೆ ರಸ್ತೆಯ ಆಚೆ ಬದಿಯ ಏರಿಯಾದಲ್ಲಿರುವ ಪೋಷಕರ ಸಹಿ ಬಿದ್ದುಹೋಗುತ್ತದೆ. ಶಾಲೆಯ ಗೇಟಿನ ಮುಂದೆ ಮೇಜು ಹಾಕಿ ಕುಳಿತವರಿಗೆ ಇದು ಅರ್ಥವಾಗುವುದು ಎಣಿಕೆಯ ದಿನ. ಮೇಜಿನ ಮೇಲೆ ಏರಿಯಾದ ನಕಾಶೆ ಇಟ್ಟುಕೊಂಡು ಮೊದಲು ಮನೆಯ ವಿಳಾಸ ಕೇಳಿ, ಆಮೇಲೆ ಪೆನ್ನು ಕೊಡುವುದೇ ಸರಿ.

ಸಹಿ ಬಿದ್ದುಹೋಗುವ ಬಗೆಗಳು ಇನ್ನೂ ಇವೆ. ಮನೆ ಬದಲಿಸಿದ್ದಾರೆ, ಮತದಾರರ ನೋಂದಣಿ ಹಳೆಯ ವಿಳಾಸದಲ್ಲೇ ಉಳಿದಿದೆ: ಬಾಡಿಗೆ ಮನೆಯವರೇ ಹೆಚ್ಚಿರುವ ಊರಲ್ಲಿ ಅತಿ ಹೆಚ್ಚು ಸಹಿ ಹೋಗುವುದು ಇದರಿಂದ. ವಾಸದ ವಿಳಾಸದ ಬದಲು ಅಂಚೆಪೆಟ್ಟಿಗೆಯ ಸಂಖ್ಯೆ ಬರೆದಿದ್ದಾರೆ. ಗಂಡನ ವಿಳಾಸವನ್ನು ಹೆಂಡತಿ ತುಂಬಿದ್ದಾರೆ. ಕೈಲಾಗದವರಿಗೆ ಸಹಾಯ ಮಾಡಬಹುದು, ಉಳಿದವರು ತಮ್ಮದನ್ನು ತಾವೇ ಬರೆಯಬೇಕು. ಸಹಿ ನೋಂದಣಿಯಲ್ಲಿದ್ದ ಸಹಿಗೆ ಹೊಂದುತ್ತಿಲ್ಲ. ಡ್ರೈವಿಂಗ್ ಲೈಸೆನ್ಸ್ ಮಾಡಿಸುವಾಗಲೇ ಮತದಾರರಾದವರ ಸಹಿ ಬಹಳ ಸಲ ಆ ಕಚೇರಿಯ ಪ್ಯಾಡ್ ಮೇಲೆ ಗೀಚಿದ್ದೇ ಆಗಿರುತ್ತದೆ. ಪೌರತ್ವ ಪಡೆದು ನೋಂದಾಯಿಸುವಾಗ ಕನ್ನಡದಲ್ಲಿ ಸಹಿ ಹಾಕಿದವರು ಅರ್ಜಿಯಲ್ಲಿ ಇಂಗ್ಲಿಷ್‌ನಲ್ಲಿ ಹಾಕಿದರೂ ಇದೇ ತೊಂದರೆ. ಎಲ್ಲಕ್ಕಿಂತ ಹೊಟ್ಟೆ ಉರಿಯುವುದು ಸಂಗ್ರಹಕಾರರ ತಪ್ಪಿನಿಂದ ಆಗುವ ನಷ್ಟ: ಪ್ರತಿ ಅರ್ಜಿಯ ಕೊನೆಯಲ್ಲಿ ಸಹಿ ಹಾಕಿಸಿದವರು ತಾವೇ ಎದುರಿದ್ದು ನೋಡಿದ್ದಾಗಿ, ಯಾವ ದಿನದಿಂದ ಯಾವ ದಿನದವರೆಗೆ ಎಂಬ ವಿವರದೊಂದಿಗೆ ಘೋಷಣೆ ಬರೆಯಬೇಕು. ಅದನ್ನು ಖಾಲಿ ಬಿಟ್ಟರೆ ಸರಿಯಾದ ಸಹಿಗಳೂ ಹಾಳೆಯ ಸಮೇತ ಹೋಗುತ್ತವೆ.

ಅಧಿಕಾರಿಗಳು ಎಲ್ಲ ಸಹಿಯನ್ನೂ ಒಂದೊಂದಾಗಿ ನೋಡಬೇಕೆಂದಿಲ್ಲ. 500ಕ್ಕಿಂತ ಹೆಚ್ಚು ಸಹಿ ಬಂದಿದ್ದರೆ ರಾಜ್ಯದ ನಿಯಮದಂತೆ 500 ಅಥವಾ ಶೇ 5, ಯಾವುದು ಹೆಚ್ಚೋ ಅಷ್ಟನ್ನು ಯಾದೃಚ್ಛಿಕವಾಗಿ ಆರಿಸಿ ಪರೀಕ್ಷಿಸಬಹುದು. ಅದರ ಆಧಾರದ ಅಂದಾಜು ಬೇಕಾದ ಸಂಖ್ಯೆಯ ಶೇ 110 ದಾಟಿದರೆ ಪಾಸು, ಶೇ 90ಕ್ಕಿಂತ ಕೆಳಗಿದ್ದರೆ ಫೇಲು, ನಡುವೆ ಬಂದರೆ ಎಲ್ಲವನ್ನೂ ಎಣಿಸಬೇಕು. ಒಬ್ಬರೇ ಎರಡು ಸಲ ಸಹಿ ಹಾಕಿದ್ದರೆ ಹೊಡೆತ ಎಷ್ಟು ದೊಡ್ಡದೆಂದು ಇಲ್ಲಿ ತಿಳಿಯುತ್ತದೆ. ಶೇ 5ರ ಮಾದರಿಯಲ್ಲಿ ಒಂದು ಸಹಿ ಸೇರುವ ಸಾಧ್ಯತೆ 20ಕ್ಕೆ 1. ಒಬ್ಬರದೇ ಎರಡು ಸಹಿಯೂ ಅದೇ ಮಾದರಿಯಲ್ಲಿ ಸಿಗುವ ಸಾಧ್ಯತೆ 400ಕ್ಕೆ 1. ಅಂದರೆ ಅಂಥ ಒಂದು ಜೋಡಿ ಕಣ್ಣಿಗೆ ಬಿದ್ದರೂ ಇಡೀ ರಾಶಿಯಲ್ಲಿ ಸುಮಾರು 400 ಜೋಡಿ ಇರಬಹುದೆಂಬ ಲೆಕ್ಕ. ಮರೆತು ಎರಡನೇ ಸಲ ಸಹಿ ಹಾಕಿದ ಒಬ್ಬ ಮತದಾರ ನೂರಾರು ಸಹಿಗಳನ್ನು ಅಳಿಸಿಬಿಡಬಲ್ಲರು. ಅನುಭವಿ ತಂಡಗಳು ಪ್ರತಿ ರಾತ್ರಿ ಸಹಿಗಳನ್ನು ಮತದಾರರ ಪಟ್ಟಿಯ ಜತೆ ತಾಳೆ ನೋಡಿ, ಎರಡನೆಯದನ್ನು ಸಲ್ಲಿಕೆಗೆ ಮೊದಲೇ ಹೊಡೆದುಹಾಕುವುದು ಇದಕ್ಕೇ.

ಹಾಗಾದರೆ ಎಷ್ಟು ಹೆಚ್ಚುವರಿ ಬೇಕು? ಕನಿಷ್ಠ ಶೇ 25ರಿಂದ 30 ಇಟ್ಟುಕೊಳ್ಳಬೇಕು. ಸ್ಯಾನ್ ಫ್ರಾನ್ಸಿಸ್ಕೊ ಅಭಿಯಾನ 51,325 ಬೇಕಾದಲ್ಲಿ 2021ರ ಸೆಪ್ಟೆಂಬರ್‌ನಲ್ಲಿ ತಲಾ 80 ಸಾವಿರದ ಆಸುಪಾಸು ಕೊಟ್ಟಿತು. ಅದಕ್ಕೇ ಅಕ್ಟೋಬರ್‌ನಲ್ಲಿ ಮೂರೂ ಅರ್ಜಿ ಅಂಗೀಕಾರವಾದವು. ಇಷ್ಟೆಲ್ಲಕ್ಕೆ ಹಣ ಬೇಕು. ಶಿವ ರಾಜ್ ಮತ್ತು ಆಟಮ್ ಲೂಯೆನ್ ಎಂಬ ಇಬ್ಬರು ಪೋಷಕರು ಶುರು ಮಾಡಿದ ಅಭಿಯಾನವಾದರೂ, ಕೊನೆಗೆ ರೀಕಾಲ್ ಪರ ಒಟ್ಟಾದದ್ದು ಸುಮಾರು 20 ಲಕ್ಷ ಡಾಲರ್. ಅದರಲ್ಲಿ ದೊಡ್ಡ ಪಾಲು ಕೆಲವೇ ಶ್ರೀಮಂತರದ್ದು. ಎದುರಾಳಿಗಳ ಬಳಿ ಅದರ ಹತ್ತನೇ ಒಂದು ಪಾಲೂ ಇರಲಿಲ್ಲ. ಎರಡೂ ಸತ್ಯ: ಸ್ವಯಂಸೇವಕರು ಮಳೆ ಬಿಸಿಲೆನ್ನದೆ ನಿಂತರು, ದುಡ್ಡಿದ್ದವರು ದಾರಿ ಸಲೀಸು ಮಾಡಿದರು. ಒಂದನ್ನು ಹೇಳಿ ಇನ್ನೊಂದನ್ನು ಮುಚ್ಚಿಡುವುದು ಓದುಗರಿಗೆ ಮಾಡುವ ಮೋಸ. ಕ್ಯಾಲಿಫೋರ್ನಿಯಾದಲ್ಲಿ ವರ್ಷಕ್ಕೆ 2,000 ಡಾಲರ್ ದಾಟಿದ ಕೂಡಲೇ ಸಮಿತಿ ನೋಂದಾಯಿಸಿ ದೇಣಿಗೆಯ ಲೆಕ್ಕ ಬಹಿರಂಗ ಮಾಡಬೇಕು. ಸಹಿ ಹಾಕುವ ಮುನ್ನ ಆ ಪಟ್ಟಿಯ ಮೇಲೊಮ್ಮೆ ಕಣ್ಣಾಡಿಸುವುದು ಒಳ್ಳೆಯದು.

ಅಲ್ಲಿರುವ ಕನ್ನಡಿಗರಿಗೆ ನೇರವಾಗಿ ತಟ್ಟುವ ವಿಷಯ ಪೌರತ್ವ. ಅರ್ಜಿಗೆ ಸಹಿ ಹಾಕಬೇಕಾದವರು ನೋಂದಾಯಿತ ಮತದಾರರು, ಅಂದರೆ ಪೌರರು. ಎಚ್-1ಬಿ ಅಥವಾ ಗ್ರೀನ್ ಕಾರ್ಡ್‌ನಲ್ಲಿರುವವರು ‘ನನ್ನ ಮಗು ಇದೇ ಶಾಲೆಯಲ್ಲಿದೆ’ ಎಂದು ಉತ್ಸಾಹದಿಂದ ಸಹಿ ಹಾಕಿದರೆ ಅದು ಅಸಿಂಧು. ಮೇಜಿನ ಬಳಿ ಯಾರಾದರೂ ಅಲ್ಲೇ ಮತದಾರರ ನೋಂದಣಿ ಫಾರಂ ಕೊಟ್ಟರೆ ತುಂಬಲೇಬೇಡಿ: ಪೌರರಲ್ಲದವರು ಪೌರರೆಂದು ಬರೆದುಕೊಟ್ಟರೆ ವಲಸೆ ಕಾನೂನಿನಲ್ಲಿ ಅದರ ಪರಿಣಾಮ ಜೀವನಪರ್ಯಂತ ಕಾಡಬಹುದು. ಗ್ರೀನ್ ಕಾರ್ಡ್ ಇಲ್ಲದವರು ಚುನಾವಣಾ ಪ್ರಚಾರಕ್ಕೆ ದೇಣಿಗೆಯನ್ನೂ ಕೊಡುವಂತಿಲ್ಲ. ಬೋರ್ಡ್ ಸಭೆಗೆ ಹೋಗಿ ಸಾರ್ವಜನಿಕರ ಸಮಯದಲ್ಲಿ ಮಾತಾಡಲು ಮಾತ್ರ ಯಾವ ಅಡ್ಡಿಯೂ ಇಲ್ಲ.

ಸ್ಯಾನ್ ಫ್ರಾನ್ಸಿಸ್ಕೊ ನಗರದಲ್ಲಿ ಒಂದು ವಿನಾಯಿತಿ ಇದೆ. 2016ರಲ್ಲಿ ಮತದಾರರು ಒಪ್ಪಿದ ಪ್ರೊಪೊಸಿಷನ್ ಎನ್ ಪ್ರಕಾರ, ಅಲ್ಲಿ ವಾಸವಿರುವ 19 ವರ್ಷದೊಳಗಿನ ಮಗುವಿನ ತಂದೆ ತಾಯಿ ಅಥವಾ ಪೋಷಕರು ಪೌರರಲ್ಲದಿದ್ದರೂ ಸ್ಕೂಲ್ ಬೋರ್ಡ್ ಚುನಾವಣೆಯಲ್ಲಿ ಮತ ಹಾಕಬಹುದು. 2022ರ ರೀಕಾಲ್‌ಗೂ ಇದು ಅನ್ವಯಿಸಿತು. ಅದೇ ಜುಲೈನಲ್ಲಿ ಕೆಳ ನ್ಯಾಯಾಲಯ ಇದನ್ನು ರದ್ದು ಮಾಡಿದರೂ 2023ರ ಆಗಸ್ಟ್‌ನಲ್ಲಿ ಮೇಲ್ಮನವಿ ನ್ಯಾಯಾಲಯ ಎತ್ತಿಹಿಡಿಯಿತು. ಇದಕ್ಕೆ ಪ್ರತ್ಯೇಕ ಫಾರಂ ಇದೆ, ಪ್ರತಿ ಚುನಾವಣೆಗೂ ಹೊಸದಾಗಿ ತುಂಬಬೇಕು. ಕೊಟ್ಟ ಮಾಹಿತಿ ವಲಸೆ ಅಧಿಕಾರಿಗಳ ಕೈಗೆ ಹೋಗಬಹುದು, ಮೊದಲು ವಕೀಲರನ್ನು ಕೇಳಿ ಎಂದು ನಗರದ ಚುನಾವಣಾ ಇಲಾಖೆಯೇ ಎಚ್ಚರಿಸುತ್ತದೆ. ಈ ವಿನಾಯಿತಿ ನಗರದ ಗಡಿಯೊಳಗೆ ಮಾತ್ರ. ಕೂಪರ್ಟಿನೊ, ಫ್ರೀಮಾಂಟ್, ಸನಿವೇಲ್‌ನಲ್ಲಿ ಮನೆ ಮಾಡಿರುವವರಿಗೆ ಅನ್ವಯಿಸುವುದಿಲ್ಲ.

ಚುನಾವಣೆ ನಿಗದಿಯಾಗುವುದಕ್ಕೂ ಸಮಯ ಹಿಡಿಯುತ್ತದೆ. ರಾಜ್ಯದ ನಿಯಮದಲ್ಲಿ ಆದೇಶ ಹೊರಟ ಮೇಲೆ 88ರಿಂದ 125 ದಿನದೊಳಗೆ. ಹತ್ತಿರದಲ್ಲಿ ಬೇರೆ ಚುನಾವಣೆ ಇದ್ದರೆ ಅದರ ಜತೆ ಸೇರಿಸಲು 180 ದಿನದವರೆಗೆ ಎಳೆಯಬಹುದು. ಖರ್ಚು ಸಾಮಾನ್ಯವಾಗಿ ಆ ಡಿಸ್ಟ್ರಿಕ್ಟ್‌ನ ಬೊಕ್ಕಸದಿಂದಲೇ, ಅಂದರೆ ಶಿಕ್ಷಕರ ಸಂಬಳ, ಪುಸ್ತಕಕ್ಕೆ ಇಟ್ಟ ಹಣದ ಪಕ್ಕದಿಂದಲೇ ಹೋಗುತ್ತದೆ. ಆದ್ದರಿಂದ ಅವಧಿ ಎಷ್ಟು ಉಳಿದಿದೆ ಎಂದು ಕೇಳಲೇಬೇಕು. ಸ್ಯಾನ್ ಫ್ರಾನ್ಸಿಸ್ಕೊದ ಮೂವರ ಸ್ಥಾನಗಳೂ 2022ರ ನವೆಂಬರ್‌ನಲ್ಲಿ ಹೇಗಿದ್ದರೂ ಚುನಾವಣೆಗೆ ಬರುತ್ತಿದ್ದವು. ಒಂದು ವರ್ಷದ ದುಡಿಮೆಯ ಫಲ ಸುಮಾರು ಹತ್ತು ತಿಂಗಳ ಅವಧಿ ಕಡಿತ. ಅಷ್ಟಕ್ಕೆ ಇದು ಬೇಕಿತ್ತೇ ಎಂದು ವಿರೋಧಿಗಳು ಕೇಳಿದ ಪ್ರಶ್ನೆ ತಳ್ಳಿಹಾಕುವಂಥದ್ದಲ್ಲ.

ಇಳಿಸಿದ್ದು ವ್ಯಕ್ತಿಗಳನ್ನು, ಅವರ ತೀರ್ಮಾನಗಳು ತಾವಾಗಿ ಅಳಿಯುವುದಿಲ್ಲ. 44 ಶಾಲೆಗಳ ಹೆಸರು ಬದಲಾವಣೆಯನ್ನು ಬೋರ್ಡ್ 2021ರ ಏಪ್ರಿಲ್‌ನಲ್ಲೇ, ಒಂದು ದಾವೆಯ ಒತ್ತಡದಲ್ಲಿ, ಹಿಂತೆಗೆದುಕೊಂಡಿತ್ತು; ಆಗ ಸಹಿ ಸಂಗ್ರಹ ಇನ್ನೂ ಶುರುವಿನಲ್ಲಿತ್ತು. ಲೋವೆಲ್ ವಿಷಯದಲ್ಲಿ 2021ರ ನವೆಂಬರ್‌ನಲ್ಲಿ ನ್ಯಾಯಾಧೀಶರು, ಸಭೆಯ ಅಜೆಂಡಾದಲ್ಲಿ ವಿಷಯವನ್ನು ಸರಿಯಾಗಿ ತಿಳಿಸದೆ ಮತ ಹಾಕಿದ್ದು ರಾಜ್ಯದ ಬ್ರೌನ್ ಕಾಯ್ದೆಯ ಉಲ್ಲಂಘನೆ ಎಂದರು. ಆ ಕಾಯ್ದೆಯಂತೆ ಸ್ಥಳೀಯ ಸಂಸ್ಥೆಗಳು ಜನರೆದುರು, ಮುಂಚಿತವಾಗಿ ತಿಳಿಸಿ ಸಭೆ ನಡೆಸಬೇಕು. ಕೊನೆಗೆ ಅಂಕದ ಪದ್ಧತಿ ಮರಳಿದ್ದು 2022ರ ಜೂನ್‌ನಲ್ಲಿ, ರೀಕಾಲ್ ನಂತರದ ಬೋರ್ಡ್ 4–3ರಲ್ಲಿ ಮತ ಹಾಕಿದಾಗ. ಬೋರ್ಡ್ ಮೇಲೆ ಅಸಮಾಧಾನವಿರುವ ಪೋಷಕರು ಮೊದಲು ಅಜೆಂಡಾ ಓದುವುದನ್ನು ರೂಢಿಸಿಕೊಳ್ಳಬೇಕು ಎಂದು ಗಟ್ಟಿಯಾಗಿ ಹೇಳಬೇಕೆನಿಸುವುದು ಇದಕ್ಕೇ. ಅದಕ್ಕೆ 51,325 ಸಹಿ ಬೇಡ.

ಭಾರತದಲ್ಲೂ ಕೆಲವು ರಾಜ್ಯಗಳು ಸ್ಥಳೀಯ ಸಂಸ್ಥೆಗಳಿಗೆ ಇಂಥ ಅವಕಾಶ ಕೊಟ್ಟಿವೆ. ಮಧ್ಯಪ್ರದೇಶದಲ್ಲಿ ನಗರಸಭೆ ಅಧ್ಯಕ್ಷರ ವಿರುದ್ಧ ಮೊದಲು ನಾಲ್ಕರಲ್ಲಿ ಮೂರು ಪಾಲು ಸದಸ್ಯರು ಮುಂದಾಗಬೇಕು, ಆಮೇಲೆ ಜನ ‘ಖಾಲಿ ಕುರ್ಚಿ’ ಅಥವಾ ‘ತುಂಬಿದ ಕುರ್ಚಿ’ ಚಿಹ್ನೆಗೆ ಮತ ಹಾಕುತ್ತಾರೆ. ಕರ್ನಾಟಕದ ಗ್ರಾಮ ಪಂಚಾಯಿತಿಗಳಲ್ಲಿ ಅಧ್ಯಕ್ಷರನ್ನು ಅವಿಶ್ವಾಸ ನಿರ್ಣಯದಿಂದ ಇಳಿಸುವುದು ಸದಸ್ಯರೇ ಹೊರತು ಮತದಾರರಲ್ಲ.

ಖಾಲಿಯಾದ ಸ್ಥಾನಕ್ಕೆ ಯಾರು ಬರುತ್ತಾರೆ ಎಂಬುದು ಸಹಿ ಹಾಕುವವರಲ್ಲಿ ಹೆಚ್ಚಿನವರು ಕೇಳದ ಪ್ರಶ್ನೆ. ಕ್ಯಾಲಿಫೋರ್ನಿಯಾದಲ್ಲಿ 2023ರಿಂದ ಸ್ಥಳೀಯ ರೀಕಾಲ್ ಮತಪತ್ರದಲ್ಲಿ ಬದಲಿ ಅಭ್ಯರ್ಥಿಗಳ ಹೆಸರೇ ಇರುವುದಿಲ್ಲ. ತೆರವಾದ ಸ್ಥಾನವನ್ನು ನೇಮಕದಿಂದಲೋ ಬೇರೆ ಚುನಾವಣೆಯಿಂದಲೋ ತುಂಬುತ್ತಾರೆ. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ನೇಮಿಸುವ ಅಧಿಕಾರ ಮೇಯರ್‌ದು. ಆಗಿನ ಮೇಯರ್ ಲಂಡನ್ ಬ್ರೀಡ್ 2022ರ ಮಾರ್ಚ್‌ನಲ್ಲಿ ಆನ್ ಶು, ಲೇನಿ ಮೋಟಮೆಡಿ, ಲಿಸಾ ವೈಸ್‌ಮನ್-ವಾರ್ಡ್ ಅವರನ್ನು ನೇಮಿಸಿದರು. ನವೆಂಬರ್‌ನಲ್ಲಿ ಜನ ಇಬ್ಬರನ್ನು ಉಳಿಸಿಕೊಂಡರು. ರೀಕಾಲ್‌ನಲ್ಲಿ ಚುರುಕಾಗಿ ಓಡಾಡಿದ್ದ ಶು ಸೋತರು.

ದಕ್ಷಿಣ ಕ್ಯಾಲಿಫೋರ್ನಿಯಾದ ಟೆಮೆಕ್ಯುಲಾದಲ್ಲಿ ಇನ್ನೂ ವಿಚಿತ್ರವಾಯಿತು. ಅಲ್ಲಿ ಮೂವರ ವಿರುದ್ಧ ಅಭಿಯಾನ ನಡೆದರೂ ಸಹಿ ಸಾಕಾಗಿದ್ದು ಬೋರ್ಡ್ ಅಧ್ಯಕ್ಷ ಜೋಸೆಫ್ ಕೊಮ್ರೋಸ್ಕಿ ಒಬ್ಬರ ಏರಿಯಾದಲ್ಲಿ ಮಾತ್ರ. 2024ರ ಜೂನ್‌ನಲ್ಲಿ ಅವರು ಅತಿ ಸಣ್ಣ ಅಂತರದಲ್ಲಿ ಸ್ಥಾನ ಕಳೆದುಕೊಂಡರು. ಐದು ತಿಂಗಳ ನಂತರ ಸಾಮಾನ್ಯ ಚುನಾವಣೆಯಲ್ಲಿ ಅದೇ ಸ್ಥಾನಕ್ಕೆ ನಿಂತು ಗೆದ್ದು ಬಂದರು. ಕಾನೂನು ಅದನ್ನು ತಡೆಯುವುದಿಲ್ಲ.